ಅವ್ನೆ ಅಂದ್ರೆ ಇದ್ದಾನೆ

ನುಡಿ, ಶ್ರೀಲಿಪಿ, ಆಕೃತಿಯಲ್ಲಿ ಬರೆದದ್ದನ್ನೆಲ್ಲ ಯುನಿಕೋಡಿಗೆ ತರೋಕೆ ಒದ್ದಾಡಿದವರಿಗೆ ನನ್ನ ಗೋಳು ಬೇಗ ಅರ್ಥವಾಗುತ್ತೆ. ಯಂತ್ರಕ್ಕೆ ಕನ್ನಡ ಕಲಿಸಬೇಕಾದ್ರೆ ವಾಕ್ಯದ ಪ್ರತಿ ಪದಕ್ಕೂ ನಾಮಪದ, ಕ್ರಿಯಾಪದ ಅಂತ ಚೀಟಿ ಅಂಟಿಸಬೇಕು. ಆ ಚೀಟಿಗಳ ಪಟ್ಟಿ ಮಾತ್ರ ಒಬ್ಬೊಬ್ಬರದು ಒಂದೊಂದು. ಹೈದರಾಬಾದಿನ ಐಐಐಟಿಯದು ಒಂದು, ಬಿಐಎಸ್‌ನದು ಇನ್ನೊಂದು, ಯೂನಿವರ್ಸಲ್ ಡಿಪೆಂಡೆನ್ಸೀಸ್‌ನ 17 ಪದವರ್ಗಗಳು ಮತ್ತೊಂದು.

ಆರು ಪಟ್ಟಿಗಳಿದ್ದರೆ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹೋಗೋಕೆ 30 ಪರಿವರ್ತಕ ಬೇಕು. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ಡೇನಿಯಲ್ ಝೆಮಾನ್ 2008ರಲ್ಲಿ ಇದಕ್ಕೆ ಬರೆದ ಉಪಾಯ ಇಂಟರ್‌ಸೆಟ್. ಪಟ್ಟಿಗೊಂದು ಡ್ರೈವರ್. ಅದು ಚೀಟಿಯನ್ನ ಬಿಡಿಸಿ ಲಿಂಗ, ವಚನ, ಕಾಲ ಅಂತ ನಡುವಿನ ಒಂದು ರೂಪಕ್ಕೆ ತರುತ್ತೆ, ಇನ್ನೊಂದು ಡ್ರೈವರ್ ಅಲ್ಲಿಂದ ತನ್ನ ಚೀಟಿ ಕಟ್ಟಿಕೊಳ್ಳುತ್ತೆ. ಆರಕ್ಕೆ ಆರೇ ಸಾಕು. ಥೇಟ್ ಯುನಿಕೋಡ್!

ಆದ್ರೆ ಥೇಟ್ ಅಲ್ಲ ಅಂತ ಗೊತ್ತಾಗಿದ್ದು ನಾನೇ ಡ್ರೈವರ್ ಬರೆಯೋಕೆ ಕೂತಾಗ. "ಮದ್ದೂರಿಂದ ಬಂದ ಬಸ್ಸು" ಅನ್ನೋದರಲ್ಲಿ ಬಂದ ಅನ್ನೋದು ಕೃದಂತ. "ತಮ್ಮ ಮದ್ದೂರಿಂದ ಬಂದ" ಅಂದ್ರೆ ಪೂರ್ಣ ಕ್ರಿಯಾಪದ. ಐಐಐಟಿ ಪಟ್ಟಿ ಎರಡಕ್ಕೂ ಅಂಟಿಸೋದು ವಿಎಂ ಅನ್ನೋ ಒಂದೇ ಚೀಟಿ. ಬಿಐಎಸ್ ಇವನ್ನ ಬೇರೆ ಬೇರೆ ಮಾಡು ಅನ್ನುತ್ತೆ. ಚೀಟಿಯಲ್ಲಿ ಇಲ್ಲದ್ದನ್ನ ಡ್ರೈವರ್ ಎಲ್ಲಿಂದ ತರಬೇಕು?

ನಾನು ಮಾಡಿದ ಮೊದಲ ಪೆದ್ದತನ, ಎಲ್ಲ ವಿಎಂಗಳನ್ನೂ ಪೂರ್ಣ ಕ್ರಿಯಾಪದ ಅಂದುಬಿಟ್ಟಿದ್ದು. ಬಸ್ಸೆಲ್ಲ ಹಳ್ಳಕ್ಕೆ ಬಿತ್ತು :) ಎರಡನೇದು, ಪದದ ಕೊನೆ ನೋಡಿ ಊಹಿಸೋದು. -ತ್ತಾನೆ, -ದ್ದಾನೆ, -ದಳು ಇದ್ರೆ ಪೂರ್ಣ, ಇಲ್ಲದಿದ್ರೆ ಅಪೂರ್ಣ. ಪತ್ರಿಕೆಯ ಕನ್ನಡದ ಮೇಲೆ ಚೆನ್ನಾಗೇ ಓಡ್ತು. ಆಮೇಲೆ ಮಳವಳ್ಳಿಯ ನಮ್ಮ ಮನೆ ಮಾತನ್ನ ಬರೆದು ಚೀಟಿ ಅಂಟಿಸಿ ಕೊಟ್ಟೆ ನೋಡಿ... "ತಮ್ಮ ಮನೇಲಿ ಅವ್ನೆ", "ಮಾವ ಬತ್ತಾವ್ನೆ", "ಬಸ್ಸು ಬಂದದೆ". ಒಂದೂ ಪೂರ್ಣ ಕ್ರಿಯಾಪದವಲ್ಲ ಅಂತು! ಮಂಡ್ಯ ಸೀಮೆಯಲ್ಲಿ ಯಾರೂ ಒಂದು ವಾಕ್ಯವನ್ನೂ ಮುಗಿಸೋದೇ ಇಲ್ಲ ಅನ್ನೋ ಹಾಗೆ. ತಪ್ಪು ಯಂತ್ರದ್ದಲ್ಲ. ಪ್ರತ್ಯಯಗಳ ಪಟ್ಟಿ ಬರೆದವನು ನಾನು, ಬೆಳಗ್ಗೆ ಎದ್ದರೆ ಅವ್ನೆ ಅವ್ಳೆ ಅಂತಲೇ ಮಾತಾಡೋನೂ ನಾನು. ಕೀಬೋರ್ಡ್ ಮುಂದೆ ಕೂತ ಕೂಡಲೇ ನಮ್ಮೂರ ಮಾತು ಮರೆತೇ ಹೋಗಿತ್ತು.

ಅದಕ್ಕೇ ನನ್ನ ವಾದ ಇಷ್ಟು: ಗೊತ್ತಿಲ್ಲದ್ದನ್ನ ಡ್ರೈವರ್ ತುಂಬಬಾರದು. ನಡುವಿನ ರೂಪದಲ್ಲಿ ಆ ಜಾಗ ಖಾಲಿ ಇರಲಿ. ಬಿಐಎಸ್ ಪಟ್ಟಿ ಮೆಟ್ಟಿಲು ಮೆಟ್ಟಿಲಾಗಿದೆ, ಹಿಂದಿಗೆ ಅದನ್ನ ಬಳಸೋವಾಗ ಎರಡನೇ ಮೆಟ್ಟಿಲಿಗೇ ನಿಲ್ಲಿಸೋದುಂಟು. ನಾವೂ ನಿಲ್ಲಿಸಬಹುದು. "ಖಾಲಿ ಬಿಟ್ರೆ ಮುಂದಿನ ಪ್ರೋಗ್ರಾಂ ಓಡಲ್ಲ" ಅಂತ ಗೆಳೆಯರು ಬೈತಾರೆ. ಓಡದೆ ನಿಂತ್ರೆ ಯಾರಾದ್ರೂ ಬಂದು ನೋಡ್ತಾರೆ. ತಪ್ಪು ತುಂಬಿಕೊಂಡು ಓಡಿದ್ರೆ, ಅದರಿಂದ ಕಲಿತ ಮುಂದಿನ ಯಂತ್ರಕ್ಕೂ ನಮ್ಮೂರ ಕ್ರಿಯಾಪದ ಕ್ರಿಯಾಪದವಲ್ಲ.

ಡ್ರೈವರನ್ನ ಮೊನ್ನೆ ತಿದ್ದಿದೆ. ಈಗ ಅರ್ಧಕ್ಕರ್ಧ ಖಾಲಿ. ಒಂದೊಂದೇ ಕೈಯಲ್ಲಿ ತುಂಬ್ತಾ ಇದೀನಿ. "ಅವ್ನೇ ಮನೇಲಿ ಅವ್ನೆ" ಅನ್ನೋ ವಾಕ್ಯಕ್ಕೆ ಬಂದು ನಿಂತಿದೀನಿ, ಮೊದಲನೇದು ಸರ್ವನಾಮ, ಕೊನೇದು ಕ್ರಿಯಾಪದ. ನಿಮ್ಮ ಕಡೆ ಮಾತಲ್ಲೂ ಇಂಥವಿದ್ರೆ ಹೇಳಿ, ಸೇರಿಸ್ಕೋತೀನಿ.