ಮಗುವನ್ನು ಊರಿಗೆ ಕಳುಹಿಸುವ ಮುನ್ನ

"ಹೆಂಡತಿ ಮಕ್ಕಳನ್ನು ಇಟ್ಟುಕೊಂಡು ಮುಂಬಯಿಯಲ್ಲಿ ಇನ್ನು ಸಾಗದು, ಊರಿಗೆ ಕಳುಹಿಸಿಬಿಡುತ್ತೇನೆ" ಎಂಬ ಮಾತನ್ನು ನಮ್ಮ ಕಾರ್ಮಿಕ ಬಂಧುಗಳ ಬಾಯಲ್ಲಿ ಆಗಾಗ ಕೇಳುತ್ತೇವೆ. ಖೋಲಿಯ ಬಾಡಿಗೆ ಏರುತ್ತದೆ, ಹೊಟೇಲು ಮುಚ್ಚುತ್ತದೆ, ಇಲ್ಲವೆ ಊರಿನಲ್ಲಿ ಮುದಿ ತಾಯಿ ಹಾಸಿಗೆ ಹಿಡಿಯುತ್ತಾಳೆ. ಹೆಂಡತಿ ಮಕ್ಕಳು ರೈಲು ಹತ್ತುತ್ತಾರೆ, ಗಂಡಸು ಹೊಟೇಲಿನ ಮಾಳಿಗೆಗೆ ತನ್ನ ಹಾಸಿಗೆ ಸಾಗಿಸುತ್ತಾನೆ. ಕಳುಹಿಸುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಕಳುಹಿಸುವ ರೀತಿಯ ಬಗ್ಗೆ ಮಾತ್ರ ನಾಲ್ಕು ಮಾತು ಆಡಬೇಕಾಗಿದೆ.

"ಅವನೇನು ಪರದೇಶಕ್ಕೆ ಹೋಗುತ್ತಾನೆಯೇ? ತನ್ನ ಊರಿಗೇ ತಾನೆ" ಎನ್ನುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು. ಊರು ನಮಗೆ ಊರು ನಿಜ. ಮಗುವಿಗೋ ಅದು ಮೇ ತಿಂಗಳಲ್ಲಿ ಹೋಗಿ ಮಾವಿನಹಣ್ಣು ತಿಂದು ಬರುವ ಜಾಗ. ಆಗ ಅಜ್ಜಿ ಹಲಸಿನ ಕಡುಬು ಮಾಡುತ್ತಾಳೆ, ಮಾವ ಹೊಳೆಗೆ ಕರೆದೊಯ್ಯುತ್ತಾನೆ. ಅದೇ ಮಗು ಉಳಿಯಲೆಂದು ಬಂದಾಗ ಆ ಮನೆಯಲ್ಲಿ ಇನ್ನೊಂದು ಬಾಯಿ ಹೆಚ್ಚಾಯಿತು ಅಷ್ಟೆ. ಹತ್ತು ಖೋಲಿಗಳ ಸದ್ದಿನ ನಡುವೆ ಮಲಗಿ ಬೆಳೆದ ಮಗುವಿಗೆ ಮಳೆಗಾಲದ ಕತ್ತಲೆಯಲ್ಲಿ ಕಪ್ಪೆಯ ಕೂಗು ಕೇಳುತ್ತಾ ನಿದ್ದೆ ಬರುವುದಿಲ್ಲ. ಶಾಲೆಯಲ್ಲಿ ಅದರ ಹೆಸರು ಹೋಗಿ "ಬೊಂಬಾಯಿ" ಎಂದಾಗುತ್ತದೆ.

ಪಾಠದ ವಿಷಯ ಇನ್ನೂ ಕಷ್ಟದ್ದು. ಮನೆಯಲ್ಲಿ ತುಳುವೋ ಕುಂದಾಪುರದ ಕನ್ನಡವೋ, ಚಾಳಿನಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷು - ಇಷ್ಟೆಲ್ಲ ಬಲ್ಲ ಮಗು ಊರಿನ ಶಾಲೆಯಲ್ಲಿ ದಡ್ಡನೆನಿಸಿಕೊಳ್ಳುತ್ತದೆ. ಯಾಕೆಂದು ನೋಡಿ. ಮರಾಠಿ ಬರಹದಲ್ಲಿ ಎ ಮತ್ತು ಏ ಎರಡಕ್ಕೂ ಒಂದೇ ಅಕ್ಷರ. ಒ ಮತ್ತು ಓ ಕೂಡ ಹಾಗೆಯೇ. "ಕೊಡು" ಎಂದು ಬರೆಯಲು ಹೇಳಿದರೆ ಮಗು "ಕೋಡು" ಎಂದು ಬರೆಯುತ್ತದೆ, ವರ್ಗವೆಲ್ಲ ನಗುತ್ತದೆ. ಅಕ್ಷರದ ಕೆಳಗೆ ಒತ್ತು ಬರೆಯುವುದು ಅದಕ್ಕೆ ಹೊಸತು. ಲೆಕ್ಕ ಮಾಡಲು ಬರುತ್ತದೆ, ಲೆಕ್ಕದ ಪ್ರಶ್ನೆಯನ್ನು ಓದಲು ಬರುವುದಿಲ್ಲ. ಇದು ಲಿಪಿಯ ತೊಡಕು, ಬುದ್ಧಿಯದಲ್ಲ. ಆದರೂ ಎರಡು ವರ್ಗ ಕೆಳಗೆ ಕೂರಿಸಿಬಿಡೋಣವೆಂದು ಯಾರಾದರೂ ಹೇಳಿದರೆ ನಮ್ಮ ಹೆಂಗಸರು ತಲೆಯಾಡಿಸಿ ಬರುತ್ತಾರೆ. ಹಾಗೆ ಒಪ್ಪಬಾರದು. 2009ರ ಶಿಕ್ಷಣ ಹಕ್ಕು ಕಾಯಿದೆಯು ಓದು ಬಿಟ್ಟ ಮಗುವನ್ನು ಕೂಡ ವಯಸ್ಸಿಗೆ ತಕ್ಕ ವರ್ಗಕ್ಕೇ ಸೇರಿಸಿ, ಬೇಕಾದ ವಿಶೇಷ ಪಾಠ ಕೊಡಬೇಕೆಂದು ಹೇಳುತ್ತದೆ. ಹಾಗಿರುವಾಗ ಓದುತ್ತಲೇ ಇದ್ದ ಮಗುವನ್ನು ಇಳಿಸುವುದೇಕೆ?

ಅದೇ ಕಾಯಿದೆಯಲ್ಲಿ ಇನ್ನೊಂದು ಮಾತಿದೆ. 6ರಿಂದ 14 ವರುಷದ ಮಗು ಬೇರೆ ರಾಜ್ಯಕ್ಕೆ ಹೋದರೂ ಅಲ್ಲಿಯ ಸರಕಾರಿ ಅಥವಾ ಅನುದಾನಿತ ಶಾಲೆಗೆ ಸೇರಬಹುದು. ಹಳೆಯ ಶಾಲೆಯ ಹೆಡ್‌ಮಾಸ್ತರರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಅದು ಬರುವುದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಫೀಸು ಬಾಕಿಯೆಂದು ಟಿ.ಸಿ. ತಡೆಹಿಡಿದಾಗ ಎಷ್ಟೋ ಮಂದಿ ಮಗುವನ್ನು ಮನೆಯಲ್ಲೇ ಕೂರಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ಕಾಯಬೇಕಾಗಿಲ್ಲ, ಶಾಲೆಗೆ ಕಳುಹಿಸಿ.

ವರುಷದ ನಡುವೆ ಶಾಲೆ ಬಿಡಿಸುವುದು ಕೆಲವೊಮ್ಮೆ ನಮ್ಮ ಕೈಯಲ್ಲಿರುವುದಿಲ್ಲ. ಗಿರಣಿ ಮುಷ್ಕರ ಹೂಡಿದ್ದು 1982ರ ಜನವರಿ 18ರಂದು, ಪರೀಕ್ಷೆ ಎದುರಿಗಿತ್ತು. ಆಮೇಲೆ ಎಷ್ಟೋ ಗಿರಣಿ ಸಂಸಾರಗಳು ಊರು ಸೇರಿದವು. 2020ರಲ್ಲಿ ಕೊರೋನಾ ಬಂದು ಹೊಟೇಲುಗಳು ಮುಚ್ಚಿದಾಗಲೂ ಮಕ್ಕಳನ್ನು ಇದ್ದ ಬಟ್ಟೆಯಲ್ಲೇ ಕರೆದುಕೊಂಡು ಹೋದೆವು. ಅಂಥ ಕಾಲ ಬೇರೆ. ಕೈಯಲ್ಲಿರುವಾಗಲಾದರೂ ಏಪ್ರಿಲಿನ ಪರೀಕ್ಷೆ ಮುಗಿಯಲಿ, ಜೂನಿಗೆ ಎಲ್ಲ ಮಕ್ಕಳ ಜೊತೆ ಹೊಸ ವರ್ಗಕ್ಕೆ ಕಾಲಿಡಲಿ.

ದಾರಿಯ ಮಾತನ್ನೂ ಮರೆಯಬಾರದು. 2022ರ ಆಗಸ್ಟಿನಲ್ಲಿ ಬೈಂದೂರಿನ ಕಡೆ ಎರಡನೆಯ ತರಗತಿಯ ಒಬ್ಬ ಹುಡುಗಿ ಶಾಲೆಯಿಂದ ಬರುವಾಗ ಕಾಲುಸಂಕದಿಂದ ನೀರಿಗೆ ಬಿದ್ದು ತೀರಿಕೊಂಡಳು. ಲೋಕಲ್ ಗಾಡಿಯ ಗದ್ದಲಕ್ಕೆ ಹೆದರದ ನಮ್ಮ ಮಗುವಿಗೆ ತುಂಬಿದ ತೋಡು ಎಂದರೇನೆಂದೇ ತಿಳಿಯದು. ಮೊದಲ ಕೆಲವು ದಿನವಾದರೂ ಕೈಹಿಡಿದು ನಡೆಸುವವರು ಬೇಕು.

ಹೊಟೇಲಿಗೆ ಹೊಸ ಹುಡುಗ ಬಂದರೆ ಮೊದಲ ದಿನವೇ ಅವನ ಕೈಗೆ ತುಂಬಿದ ಟ್ರೇ ಕೊಡುತ್ತೇವೆಯೇ? ಟೇಬಲು ಒರೆಸಲಿ, ಗಿರಾಕಿಗಳ ಮುಖ ಪರಿಚಯವಾಗಲಿ ಎಂದು ಎಂಟು ದಿನ ಬಿಡುತ್ತೇವೆ. ಆ ಎಂಟು ದಿನ ಮಗುವಿಗೆ ಕೊಡಲು ತಂದೆಗೆ ರಜೆ ಬೇಕು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲಿ ವರುಷಕ್ಕೆ 8 ದಿನದ ಸಾಂದರ್ಭಿಕ ರಜೆಯಿದೆ. ವರುಷದಲ್ಲಿ 240 ದಿನ ದುಡಿದವನಿಗೆ 20 ದಿನಕ್ಕೊಂದರಂತೆ ಸಂಬಳದ ರಜೆಯೂ ಇದೆ. ಸಣ್ಣ ಹೊಟೇಲುಗಳಿಗೆ ಅದು ತಾಗುವುದಿಲ್ಲ. ತಾಗುವಲ್ಲಿಯೂ ಜೂನಿನಲ್ಲಿ ರಜೆ ಕೇಳಿದರೆ "ಮೊನ್ನೆ ಮೇಯಲ್ಲಿ ಹೋಗಿ ಬಂದೆಯಲ್ಲ" ಎಂಬ ಉತ್ತರ ಸಿದ್ಧವಿರುತ್ತದೆ. ಆದ್ದರಿಂದ ಮಗುವನ್ನು ಊರಿನ ಶಾಲೆಗೆ ಸೇರಿಸುವವನಿಗೆ ಜೂನಿನಲ್ಲಿ ಎಂಟು ದಿನದ ಸಂಬಳದ ರಜೆ ಎಂಬ ಕಲಮನ್ನು ಈ ಸಲದ ಬೇಡಿಕೆ ಪಟ್ಟಿಯಲ್ಲಿ, ಬೋನಸ್ಸಿನ ಮಗ್ಗುಲಲ್ಲೇ ಸೇರಿಸಬೇಕೆಂಬುದು ನನ್ನ ಸೂಚನೆ. ಮಕ್ಕಳ ಶಾಲೆ ಮನೆಯ ವಿಷಯ, ಸಂಘದ್ದಲ್ಲ ಎನ್ನುವವರು ನಮ್ಮಲ್ಲೂ ಇದ್ದಾರೆ. ಪಗಾರದ ಅರ್ಧ ಯಾರಿಗಾಗಿ ಊರಿಗೆ ಹೋಗುತ್ತದೆಂದು ಅವರೇ ಹೇಳಲಿ.

ಮುಂದಿನ ಸಭೆಗೆ ಬರುವಾಗ, ಮಕ್ಕಳನ್ನು ಊರಿಗೆ ಕಳುಹಿಸುವ ವಿಚಾರವಿರುವವರು ಶಾಲೆಯ ಕಾಗದಗಳನ್ನು ಜೊತೆಗೆ ತನ್ನಿರಿ. ಟಿ.ಸಿ.ಯ ಅರ್ಜಿಯನ್ನು ಅಲ್ಲಿಯೇ ಕುಳಿತು ಬರೆದುಕೊಡುತ್ತೇವೆ.