ಗೆರೆ ಎಳೆಯಿರಿ, ಆದ್ರೆ ಗೆರೆಯಂಚಿನ ಮೀನು ಯಾರಿಗೆ?

ದಾವಣಗೆರೆ ಎಸ್.ಎಸ್. ಬಡಾವಣೆಯಲ್ಲಿ ಕೂತ ಸಾಫ್ಟ್‌ವೇರಿನವನಿಗೆ ಕಡಲಿನ ಉಸಾಬರಿ ಯಾಕಪ್ಪಾ ಅಂತ ಕೇಳ್ತೀರಿ. ನಿಜ, ನಮಗೆ ಹತ್ತಿರದ ದೊಡ್ಡ ನೀರು ಅಂದ್ರೆ ಹರಿಹರದ ತುಂಗಭದ್ರೆ. ಅವಳೂ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹೊರಟವಳು :-) ಆದ್ರೂ ಹೊನ್ನಾವರ ತಾಲೂಕಿನ ಅಪ್ಸರಕೊಂಡ-ಮುಗಳಿ ಕಡಲ ವನ್ಯಜೀವಿಧಾಮದ ಬಗ್ಗೆ "ಮೀನುಗಾರರಿಗೆ ತಿಳುವಳಿಕೆ ಇಲ್ಲ, ಅದಕ್ಕೇ ವಿರೋಧ" ಅನ್ನೋ ಮಾತು ಕೇಳಿದಾಗ ಮೈ ಉರಿಯುತ್ತೆ.

ತಿಳುವಳಿಕೆ ಇಲ್ವಾ? ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳು ದಡದಲ್ಲಿ ನಿಲ್ತವೆ. ಮೀನು ಮರಿ ಹಾಕೋ ಕಾಲದಲ್ಲಿ ಕಡಲಿಗೆ ಬಿಡುವು ಬೇಕು ಅಂತ ಅವರಿಗೆ ನಾವು ಪಾಠ ಹೇಳಬೇಕಾ?

ಮೀಸಲು ಕಡಲಿಂದ ಮೀನು ಹೆಚ್ಚುತ್ತೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ದೊಡ್ಡ ಮೀನು ಉಳಿದ್ರೆ ಮೊಟ್ಟೆಯ ಲೆಕ್ಕವೇ ಬೇರೆ. 61 ಸೆಂ.ಮೀ. ಉದ್ದದ ಒಂದು ಹೆಣ್ಣು ರೆಡ್ ಸ್ನ್ಯಾಪರ್ ಇಡೋ ಮೊಟ್ಟೆ, 42 ಸೆಂ.ಮೀ.ನ 212 ಹೆಣ್ಣುಗಳ ಮೊಟ್ಟೆಗೆ ಸಮ! ಕೆರಿಬಿಯನ್ನಿನ ಸೇಂಟ್ ಲೂಸಿಯಾದಲ್ಲಿ 1995ರಲ್ಲಿ ಮೀನು ಹಿಡಿಯೋ ಜಾಗದ ಶೇ. 35ರಷ್ಟನ್ನು ಮುಚ್ಚಿದ್ರು. ಐದೇ ವರ್ಷದಲ್ಲಿ ಅಕ್ಕಪಕ್ಕ ಬೋನು ಇಡೋ ಸಣ್ಣ ಮೀನುಗಾರರ ಪಾಲು ಶೇ. 46ರಿಂದ 90ರಷ್ಟು ಏರಿತು. ಹವಾಯಿಯ ದೊಡ್ಡ ಮೀಸಲಿನ ಹತ್ತಿರ ಹಳದಿ ರೆಕ್ಕೆಯ ಟ್ಯೂನಾ ಸಿಗೋ ಪ್ರಮಾಣ ಶೇ. 54 ಹೆಚ್ಚಿತ್ತು ಅಂತ 2022ರ ಅಧ್ಯಯನ ಹೇಳಿದೆ.

ನನ್ನ ತಕರಾರು ಇರೋದು ಇಲ್ಲೇ. ಒಳಗೆ ಬೆಳೆದ ಮೀನು ಗೆರೆ ದಾಟಿ ಹೊರಗೆ ಬರುತ್ತಲ್ಲ, ಅಲ್ಲಿ ಕಾಯ್ತಾ ನಿಲ್ಲೋರು ಯಾರು? ಜಿಪಿಎಸ್ಸು, ಮೀನು ಪತ್ತೆ ಯಂತ್ರ, ನೂರಾರು ಹಾರ್ಸ್‌ಪವರ್ ಇಂಜಿನ್ ಇರೋ ಟ್ರಾಲರ್. ದಡದ ಹತ್ತಿರದ ಜಾಗ ಬಿಟ್ಟುಕೊಟ್ಟ ನಾಡದೋಣಿಯವನು ಡೀಸೆಲ್ ಸುಟ್ಟು ದೂರ ಹೋಗಬೇಕು. ತ್ಯಾಗ ಇವನದು, ಫಸಲು ಅವನದು. ಯಾವ ನ್ಯಾಯ ಸ್ವಾಮಿ ಇದು?

ಕಾವಲಿನ ಕಥೆಯಂತೂ ಕೇಳಲೇಬೇಡಿ. ಲೈಟ್ ಫಿಶಿಂಗ್‌ಗೆ ಕೇಂದ್ರ ನಿಷೇಧ ಹಾಕಿದ್ದು 2017ರ ನವೆಂಬರ್‌ನಲ್ಲಿ. ಆಮೇಲೂ ಅದನ್ನ ನಿಲ್ಲಿಸಿ ಅಂತ ನಾಡದೋಣಿಯವರು ಬೀದಿಗೆ ಇಳಿಯೋದು ತಪ್ಪಲಿಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಇಂಥ ಕಾನೂನು ಕೋಡ್ ಒಳಗಿನ ಕಾಮೆಂಟ್ ಇದ್ದಂಗೆ. ಓದೋಕೆ ಚೆಂದ, ರನ್ ಆಗಲ್ಲ.

ಇನ್ನೊಂದು ತಮಾಷೆ ನೋಡಿ. ಅದೇ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡೋ ಮರಳಿನ ಮೇಲೆ ಖಾಸಗಿ ಬಂದರು ಬೇಡ ಅಂತ ವರ್ಷಗಟ್ಟಲೆ ಹೋರಾಡಿದೋರು ಇದೇ ಮೀನುಗಾರರು. ಆಮೆ ಉಳಿಸೋಕೆ ಬಲೆ ಬೇಡ, ಬಂದರು ಆಗಬಹುದು ಅನ್ನೋ ಸರ್ಕಾರವನ್ನ ಅವರು ಹೇಗೆ ನಂಬಬೇಕು?

1972ರ ವನ್ಯಜೀವಿ ಕಾಯ್ದೆಯ 26-ಎ ಕಲಮು ಕಡಲನ್ನ ಅಭಯಾರಣ್ಯಕ್ಕೆ ಸೇರಿಸೋ ಮೊದಲು ಸ್ಥಳೀಯ ಮೀನುಗಾರರ ಕಸುಬು ಕಾಪಾಡೋ ಕ್ರಮ ತಗೋಬೇಕು ಅನ್ನುತ್ತೆ. ಆ ಕ್ರಮ ಏನು ಅಂತ ನಾನು ಹೇಳ್ತೀನಿ: ಗೆರೆಯಾಚೆ ಸುತ್ತಲಿನ ಪಟ್ಟಿ ನಾಡದೋಣಿಗೆ ಮಾತ್ರ, ಟ್ರಾಲರ್‌ಗೆ ಪ್ರವೇಶ ಇಲ್ಲ. ಮೀನು ಬೆಳೆಯೋವರೆಗಿನ ವರ್ಷಗಳಿಗೆ ದುಡ್ಡು, ಅದೂ ನೇರ ಅವರ ಕೈಗೆ. ಇದನ್ನ ಆದೇಶದಲ್ಲೇ ಬರೆಯಲಿ, ಆಮೇಲೆ ತಿಳುವಳಿಕೆ ಶಿಬಿರ ಮಾಡಲಿ. ಏನಂತೀರಿ ಬ್ಲಾಗಿಗರೇ? ಕರಾವಳಿಯವರು ಇದ್ರೆ ಮೊದಲು ನೀವು ಬೈಯಿರಿ :-)