ಪುತಳಿ ಸರದ ಊರಿಗೆ ಹೋಗಿ ಬಂದು

ಎಡೆದೊರೆ ನಾಡಿನ ಹಳೆಯ ಮನೆಗಳಲ್ಲಿ ಪುತಳಿ ಸರ ಕಂಡವರು ಇನ್ನೂ ಇದ್ದಾರೆ. ಸಿರವಾರದ ನಮ್ಮ ಮನೆಯಲ್ಲೂ ಒಂದಿತ್ತು. ತೆಳ್ಳನೆಯ ಬಂಗಾರದ ಬಿಲ್ಲೆಗಳು, ಪ್ರತಿಯೊಂದರ ನೆತ್ತಿಗೂ ಪತ್ತಾರರು ಬೆಸೆದ ಕೊಂಡಿ, ಒಂದು ಮೈಯಲ್ಲಿ ನಡುವೆ ಕೋಲು ಹಿಡಿದು ಎದುರುಬದುರಾದ ಎರಡು ಆಕೃತಿ. ರಾಮ-ಸೀತೆ ಎಂದು ಅಜ್ಜಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. 1972ರ ಬರದಲ್ಲಿ ಆ ಬಿಲ್ಲೆಗಳು ಒಂದೊಂದಾಗಿ ರಾಯಚೂರಿಗೆ ಹೋಗಿ ಜೋಳವಾಗಿ ಮನೆಗೆ ಬಂದವು. ಕೊನೆಗೆ ಒಂದೇ ಉಳಿಯಿತು. ಈಚೆಗೆ ವೆನಿಸ್‌ಗೆ ಹೋದಾಗ, ಸಾನ್ ಮಾರ್ಕೊ ಚೌಕದ ಕೊರ್ರೆರ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಅದೇ ಬಿಲ್ಲೆ ಕಂಡು ನಿಂತಲ್ಲೇ ನಿಂತೆ. ಅದು ಆ ಬಂದರು ನಗರದ ಡುಕಾಟ್ ನಾಣ್ಯ. ಅಜ್ಜಿಯ ರಾಮ ಅಲ್ಲಿನ ಸಂತ ಮಾರ್ಕ. ಸೀತೆ ಎಂದದ್ದು, ಅವನಿಂದ ಧ್ವಜ ಪಡೆಯಲು ಮೊಣಕಾಲೂರಿದ ವೆನಿಸ್‌ನ ದೊರೆ. ಮೂರೂವರೆ ಗ್ರಾಂ ತೂಕದ ಆ ನಾಣ್ಯವನ್ನು 1284ರಿಂದ 1797ರವರೆಗೆ ಅಚ್ಚು ಕೆಡಿಸದೆ, ಬಂಗಾರ ಇಳಿಸದೆ ಹೊಡೆದರು. ಆ ನಂಬಿಕೆಯ ಬಲದಿಂದಲೇ ಅದು ಕಡಲು ದಾಟಿ, ಘಟ್ಟ ಹತ್ತಿ ಬಂದು ನಮ್ಮ ಹೆಣ್ಣುಮಕ್ಕಳ ಕೊರಳೇರಿತು. ನಮ್ಮ ಪತ್ತಾರರು ಅದನ್ನು ನೋಡಿ ಇಲ್ಲೇ ಮಾಡಿದ ಬಿಲ್ಲೆಗಳಿಗೂ ಪುತಳಿ ಎಂದೇ ಹೆಸರಾಯಿತು.

ಸಮುದ್ರ ನಮ್ಮಿಂದ ಬಲು ದೂರ. ಆದರೂ ಈ ನಾಡಿನ ಹಣೆಬರಹವನ್ನು ಬಂದರುಗಳು ಎಷ್ಟೋ ಸಲ ಬರೆದಿವೆ. ವೆನಿಸ್ ಕಡೆಯ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರ ಕಂಡುಹೋದ. ನೂರು ವರ್ಷದ ಬಳಿಕ, 1520ರಲ್ಲಿ, ರಾಯಚೂರು ಕೋಟೆಯ ಕೆಳಗೆ ನಡೆದ ಕಾಳಗದ ಬೇರೂ ಕಡಲಿನದೇ. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯ ಕೊಟ್ಟ ಹಣದೊಂದಿಗೆ ವ್ಯಾಪಾರಿಯೊಬ್ಬ ಬಿಜಾಪುರದವರ ಆಸರೆಗೆ ಓಡಿಹೋದದ್ದೇ ಯುದ್ಧಕ್ಕೆ ನೆಪವಾಯಿತೆಂದು ಪೋರ್ಚುಗೀಸ್ ನೂನಿಜ್ ಬರೆದಿಟ್ಟಿದ್ದಾನೆ. ವೆನಿಸ್‌ನ ವರ್ತಕ ಚೆಸಾರೆ ಫೆದೆರಿಚಿ 1567ರಲ್ಲಿ ವಿಜಯನಗರಕ್ಕೆ ಬಂದು ಏಳು ತಿಂಗಳು ಉಳಿದ. ಅಷ್ಟರಲ್ಲಿ ಪಟ್ಟಣ ಹಾಳಾಗಿ ಎರಡು ವರ್ಷವಾಗಿತ್ತು. ಅವನ ಊರಿಗೂ ಆಗ ಇಳಿಗಾಲವೇ. ವಾಸ್ಕೊ ಡ ಗಾಮ 1498ರಲ್ಲಿ ಹೊಸ ದಾರಿ ಹಿಡಿದು ಬಂದ ಮೇಲೆ ಮೆಣಸಿನ ವ್ಯಾಪಾರ ಕೈಜಾರತೊಡಗಿತ್ತು. 1797ರಲ್ಲಿ ನೆಪೋಲಿಯನ್ ಬಂದಾಗ ವೆನಿಸ್ ಗಣರಾಜ್ಯವೇ ಮುಗಿಯಿತು. 1951ರಲ್ಲಿ ಹಳೆಯ ನಗರದಲ್ಲಿ 1.75 ಲಕ್ಷದಷ್ಟು ಜನರಿದ್ದರು, ಈಗ 50 ಸಾವಿರವೂ ಇಲ್ಲ. ಸಂಜೆ ಪ್ರವಾಸಿಗರು ಹೊರಟ ಮೇಲೆ ಅಲ್ಲಿನ ಓಣಿಗಳಲ್ಲಿ ದೀಪವಿಲ್ಲದ ಕಿಟಕಿಗಳನ್ನು ನೋಡಿದಾಗ ನನಗೆ ನೆನಪಾದದ್ದು, ಸುಗ್ಗಿ ಮುಗಿದು ಜನ ಗುಳೆ ಹೋದ ಮೇಲೆ ಬೀಗ ಬಿದ್ದ ನಮ್ಮ ಓಣಿಗಳು.

ಆದರೆ ಬಹಳ ಹೊತ್ತು ನಿಲ್ಲಿಸಿದ್ದು ಅಲ್ಲಿನ ಬಾವಿಗಳು. ಸುತ್ತ ನೀರು, ಕುಡಿಯಲು ಹನಿಯಿಲ್ಲ. ಅದಕ್ಕೆ ಅವರು ಚೌಕಗಳ ಅಡಿಯಲ್ಲಿ ಜೇಡಿಮಣ್ಣು ಮೆತ್ತಿ, ಮರಳು ತುಂಬಿ, ನಡುವೆ ಬಾವಿ ಕಟ್ಟಿ, ಮಳೆನೀರನ್ನು ಸೋಸಿ ಶತಮಾನಗಟ್ಟಲೆ ಬದುಕಿದರು. ನಲ್ಲಿ ನೀರು ಬಂದದ್ದು 1884ರಲ್ಲಿ. ಬಾವಿಗಳ ಕಲ್ಲಿನ ಬಾಯಿಯಲ್ಲಿ ಹಗ್ಗ ಕೊರೆದ ಗೆರೆಗಳು ಇಂದಿಗೂ ಬೆರಳಿಗೆ ಸಿಗುತ್ತವೆ.

ನಮಗೆ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಬರ ಇನ್ನು ಹಳೆಯ ಮಾತು ಎಂದೇ ಹಿರಿಯರು ನಂಬಿದ್ದರು. ಕಾಲುವೆ ಕೊಟ್ಟದ್ದು ಕಡಿಮೆಯಲ್ಲ. ವಲಸೆ ಬಂದ ರೈತರ ಕ್ಯಾಂಪುಗಳು ಎದ್ದವು, ಎರೆಹೊಲದಲ್ಲಿ ಭತ್ತ ಬಂತು, ಅಕ್ಕಿ ಗಿರಣಿಗಳು ಬಂದವು, ಹಬ್ಬಕ್ಕೆ ಮಾತ್ರ ಅನ್ನ ಕಾಣುತ್ತಿದ್ದ ಮನೆಗಳು ದಿನವೂ ಅನ್ನ ಉಂಡವು. ಆದರೆ ಕಾಲುವೆಯನ್ನು ಹೆಚ್ಚಾಗಿ ಲಘು ಬೆಳೆಗಳ ಲೆಕ್ಕದಲ್ಲಿ ಕಟ್ಟಿದ್ದು. ಮೇಲ್ಭಾಗ ಭತ್ತಕ್ಕೆ ತಿರುಗಿತು, ಅಲ್ಲಿ ನೀರು ನಿಂತು ಹೊಲ ಸವಳು-ಜವಳಾಯಿತು, ಸಿರವಾರ, ಮಾನ್ವಿ, ರಾಯಚೂರಿನ ಕೊನೆಭಾಗದ ರೈತ ಕಾಲುವೆಯ ಗೇಜು ನೋಡುತ್ತ ಕೂತ. 133 ಟಿಎಂಸಿ ಅಡಿಯ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಬಂತು. ಅದಕ್ಕೆ ಪರಿಹಾರವೆಂಬ ನವಲಿಯ ಸಮತೋಲನ ಜಲಾಶಯದ ಭರವಸೆಯನ್ನು ಎಷ್ಟು ಚುನಾವಣೆಗಳಲ್ಲಿ ಕೇಳಿದ್ದೇವೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ವೆನಿಸ್ ಕೂಡ ಉಬ್ಬರ ತಡೆಯುವ ಗೇಟುಗಳಿಗೆ 2003ರಲ್ಲಿ ಕೈಹಾಕಿ, ತಡವಾಗಿ, ಹಗರಣಗಳ ನಡುವೆ ತೆವಳಿತು. ಆದರೂ 2020ರ ಅಕ್ಟೋಬರಿನಲ್ಲಿ ಅವು ಮೇಲೆದ್ದು ಸಮುದ್ರವನ್ನು ತಡೆದವು. ನಮಗೆ ಬೇಕಾದದ್ದು ಅಷ್ಟೇ: ತಡವಾದರೂ ಆಗಲಿ, ಮಾತು ಕೆಲಸವಾಗಲಿ.

ಕಾಲುವೆ ಬಂದ ಧೈರ್ಯದಲ್ಲಿ ನಮ್ಮ ಓಣಿಯ ಸೇದೋಬಾವಿಯನ್ನು ಕಸ ಹಾಕಿ ಮುಚ್ಚಿದ್ದೆವು. ವೆನಿಸ್‌ನಿಂದ ಮರಳಿದ ವಾರ ಹೋಗಿ ನೋಡಿದೆ. ಬಾವಿಯ ಬಾಯಿಗಲ್ಲೊಂದು ರಸ್ತೆಯ ಬದಿಗೆ ಬಿದ್ದಿದೆ, ಹಗ್ಗದ ಗೆರೆಗಳು ಹೆಬ್ಬೆರಳಿನಷ್ಟು ಆಳ. ಅದರ ಮೇಲೆ ಕೊಡಗಳನ್ನಿಟ್ಟು ಇಬ್ಬರು ಹೆಣ್ಣುಮಕ್ಕಳು ಟ್ಯಾಂಕರಿಗೆ ಕಾಯುತ್ತಿದ್ದರು.